ಫೋಟೊಗೆ ಪ್ರಶಸ್ತಿ ಇದೆ, ತೆಗೆದವರ ಹೆಸರಿಲ್ಲ: ಪತ್ರಿಕೋದ್ಯಮ ಪ್ರಶಸ್ತಿಗಳು ಅಳೆಯುವುದು ಏನನ್ನು?

2025ರ ಮೇ ತಿಂಗಳಲ್ಲಿ, ಸುದ್ದಿ ಫೋಟೊಗಳಿಗೆ ಪ್ರಶಸ್ತಿ ಕೊಡುವ ವರ್ಲ್ಡ್ ಪ್ರೆಸ್ ಫೋಟೊ ಸಂಸ್ಥೆ ಹೊರಡಿಸಿದ ಪ್ರಕಟಣೆ ಹಲವರನ್ನು ಗೊಂದಲಕ್ಕೆ ಕೆಡವಿತು. ವಿಯೆಟ್ನಾಂ ಯುದ್ಧದ ಆ ಫೋಟೊ ನೋಡದವರು ಕಡಿಮೆ. ನೇಪಾಮ್ ಬಾಂಬಿಗೆ ಮೈ ಸುಟ್ಟುಕೊಂಡ ಒಂಬತ್ತು ವರ್ಷದ ಹುಡುಗಿ ಎರಡೂ ಕೈ ಚಾಚಿ ಅಳುತ್ತ ರಸ್ತೆಯಲ್ಲಿ ಓಡಿಬರುತ್ತಿದ್ದಾಳೆ, ಮೈಮೇಲೆ ಬಟ್ಟೆಯಿಲ್ಲ. 1972ರ ಜೂನ್ 8ರಂದು ತ್ರಾಂಗ್ ಬಾಂಗ್ ಎಂಬಲ್ಲಿ ತೆಗೆದ ಚಿತ್ರ ಅದು. ಎಪಿ ಸುದ್ದಿಸಂಸ್ಥೆಯ ನಿಕ್ ಉಟ್ ಹೆಸರಿನಲ್ಲಿ ಅದಕ್ಕೆ ವರ್ಲ್ಡ್ ಪ್ರೆಸ್ ಫೋಟೊದ ‘ವರ್ಷದ ಚಿತ್ರ’ ಗೌರವವೂ ಅಮೆರಿಕದ 1973ರ ಪುಲಿಟ್ಜರ್ ಪ್ರಶಸ್ತಿಯೂ ಬಂದವು. 50 ವರ್ಷ ದಾಟಿದ ಮೇಲೆ ವರ್ಲ್ಡ್ ಪ್ರೆಸ್ ಫೋಟೊ ಹೇಳಿದ್ದಿಷ್ಟು: ಚಿತ್ರಕ್ಕೆ ಕೊಟ್ಟ ಪ್ರಶಸ್ತಿ ಹಾಗೇ ಇರುತ್ತದೆ, ಅದನ್ನು ತೆಗೆದವರು ಯಾರು ಎಂಬ ನಮೂದನ್ನು ಮಾತ್ರ ಅಮಾನತಿನಲ್ಲಿಟ್ಟಿದ್ದೇವೆ.

ಪ್ರಶಸ್ತಿ ಉಂಟು, ಪಡೆದವರಿಲ್ಲ. ಇದೆಂಥ ಲೆಕ್ಕ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಪತ್ರಿಕೋದ್ಯಮ ಪ್ರಶಸ್ತಿಗಳು ಒಳಗೆ ಹೇಗೆ ನಡೆಯುತ್ತವೆ ಎಂದು ಬಲ್ಲವರಿಗೆ ಈ ತೀರ್ಮಾನ ಅಷ್ಟೇನೂ ವಿಚಿತ್ರವಲ್ಲ. ಪ್ರಶಸ್ತಿಯನ್ನು ಸತ್ಯದ ಸರ್ಟಿಫಿಕೇಟ್ ಎಂದು ಓದಿಕೊಂಡರೆ ಮಾತ್ರ ಅದು ವಿಚಿತ್ರವಾಗಿ ಕಾಣುತ್ತದೆ.

ಒಂದು ಫೋಟೊ, ಎರಡು ತೀರ್ಮಾನ

ವಿವಾದ ಎಬ್ಬಿಸಿದ್ದು 2025ರ ಜನವರಿಯಲ್ಲಿ ತೆರೆಕಂಡ ಒಂದು ಸಾಕ್ಷ್ಯಚಿತ್ರ. ಎಪಿಯ ಸೈಗಾನ್ ಕಚೇರಿಯಲ್ಲಿ ಫೋಟೊ ಸಂಪಾದಕರಾಗಿದ್ದ ಕಾರ್ಲ್ ರಾಬಿನ್ಸನ್ ಅದರಲ್ಲಿ ಹೇಳಿದ್ದೇನೆಂದರೆ, ಆ ಫಿಲ್ಮ್ ಹೊರಗಿನ ಒಬ್ಬ ಸ್ಟ್ರಿಂಗರ್‌ನದು (ನೌಕರಿಯಲ್ಲಿಲ್ಲದೆ ಬಿಡಿಬಿಡಿಯಾಗಿ ಚಿತ್ರ ಮಾರುವವನು), ಮುಖ್ಯಸ್ಥರಾಗಿದ್ದ ಹೋರ್ಸ್ಟ್ ಫಾಸ್ ಸೂಚನೆಯಂತೆ ತಾವೇ ಅಡಿಬರಹದಲ್ಲಿ ನಿಕ್ ಉಟ್ ಹೆಸರು ಹಾಕಿದ್ದು. ಆ ಸ್ಟ್ರಿಂಗರ್ ನ್ಗುಯೆನ್ ತಾನ್ ಘೆ. ತಾನು ಆ ಚಿತ್ರವನ್ನು 20 ಡಾಲರ್‌ಗೆ ಮಾರಿದ್ದೆ ಎಂಬುದು ಅವರ ಮಾತು. ಫಾಸ್ ಈಗ ಬದುಕಿಲ್ಲ. ನಿಕ್ ಉಟ್ ಈ ಆರೋಪವನ್ನು ಪೂರ್ತಿಯಾಗಿ ತಳ್ಳಿಹಾಕಿದ್ದಾರೆ.

ಎಪಿ ತನಿಖೆ ನಡೆಸಿ ಮೇ ತಿಂಗಳಲ್ಲಿ 97 ಪುಟಗಳ ವರದಿ ಕೊಟ್ಟಿತು. ಉಟ್ ತೆಗೆದಿರಲು ಸಾಧ್ಯ, ಅಲ್ಲ ಎನ್ನಲು ಖಚಿತ ಪುರಾವೆ ಇಲ್ಲ, ಹಾಗಾಗಿ ಹೆಸರು ಬದಲಿಸುವುದಿಲ್ಲ ಎಂಬುದು ಅದರ ನಿಲುವು. ಅದೇ ವರದಿಯಲ್ಲಿ ಇನ್ನೊಂದು ಸಂಗತಿಯೂ ಇತ್ತು: ಆ ಫ್ರೇಮ್ ಬಹುಶಃ ಪೆಂಟ್ಯಾಕ್ಸ್ ಕ್ಯಾಮೆರಾದಿಂದ ಬಂದದ್ದು, ಆದರೆ ಉಟ್ ಆ ದಿನ ತಮ್ಮ ಬಳಿ ಇದ್ದವು ಎಂದು ಹೇಳುತ್ತ ಬಂದದ್ದು ಲೈಕಾ ಮತ್ತು ನಿಕಾನ್. ವರ್ಲ್ಡ್ ಪ್ರೆಸ್ ಫೋಟೊ ತಾನೂ ಪರಿಶೀಲಿಸಿ, ನಿಂತಿದ್ದ ಜಾಗ, ದೂರ, ಕ್ಯಾಮೆರಾ ಈ ಮೂರನ್ನೂ ನೋಡಿದರೆ ಘೆ ಅಥವಾ ಹ್ಯುನ್ ಕಾಂಗ್ ಫುಕ್ ಎಂಬ ಇನ್ನೊಬ್ಬ ಫೋಟೊಗ್ರಾಫರ್ ಆ ಚಿತ್ರ ತೆಗೆಯಲು ಹೆಚ್ಚು ಸೂಕ್ತ ಜಾಗದಲ್ಲಿ ಇದ್ದಿರಬಹುದು ಎಂದಿತು.

ಎರಡೂ ಸಂಸ್ಥೆಗಳ ಮುಂದಿದ್ದ ಪುರಾವೆ ಹೆಚ್ಚುಕಡಿಮೆ ಒಂದೇ. ಪ್ರಶ್ನೆ ಬೇರೆ ಬೇರೆ. ಎಪಿ ಕೇಳಿಕೊಂಡದ್ದು, ‘ಇರುವ ಹೆಸರು ತೆಗೆಯುವಷ್ಟು ಪುರಾವೆ ಇದೆಯೇ?’ ವರ್ಲ್ಡ್ ಪ್ರೆಸ್ ಫೋಟೊ ಕೇಳಿಕೊಂಡದ್ದು, ‘ಇರುವ ಹೆಸರನ್ನು ಸಮರ್ಥಿಸುವಷ್ಟು ಪುರಾವೆ ಇದೆಯೇ?’ ಎರಡಕ್ಕೂ ಉತ್ತರ ‘ಇಲ್ಲ’ ಎಂದೇ ಬಂದರೂ ಒಂದು ಕಡೆ ಹೆಸರು ಉಳಿಯುತ್ತದೆ, ಇನ್ನೊಂದು ಕಡೆ ಹೋಗುತ್ತದೆ. ಪುರಾವೆಯ ಹೊರೆ ಯಾರ ತಲೆಯ ಮೇಲೆ ಎಂಬುದರಲ್ಲೇ ಇಡೀ ಜಗಳ ಅಡಗಿದೆ. ಚಿತ್ರದಲ್ಲಿ ಕಾಣುವ ಘಟನೆ ನಡೆದದ್ದು ಹೌದು ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ಆದ್ದರಿಂದಲೇ ಚಿತ್ರಕ್ಕೆ ಬಂದ ಪ್ರಶಸ್ತಿ ಅಲುಗಲಿಲ್ಲ.

ತೀರ್ಪುಗಾರರ ಮೇಜಿಗೆ ಬರುವುದು ಏನು

ಪುಲಿಟ್ಜರ್ ಪ್ರಶಸ್ತಿಯ ಕ್ರಮವನ್ನೇ ನೋಡೋಣ. ಅದರ ನಿಯಮಗಳು ಬಹಿರಂಗವಾಗಿವೆ, ಉಳಿದ ಎಷ್ಟೋ ಪ್ರಶಸ್ತಿಗಳು ಅದನ್ನೇ ಅನುಸರಿಸುತ್ತವೆ. ಪತ್ರಿಕೆಯ ಮಾಲೀಕ ಜೋಸೆಫ್ ಪುಲಿಟ್ಜರ್ 1911ರಲ್ಲಿ ತೀರಿಕೊಂಡರು. ಅವರ ಉಯಿಲಿನಂತೆ ಕೊಲಂಬಿಯಾ ವಿಶ್ವವಿದ್ಯಾಲಯ 1917ರಿಂದ ಈ ಪ್ರಶಸ್ತಿ ಕೊಡುತ್ತಿದೆ.

ಯಾರೂ ಯಾರನ್ನೂ ಹುಡುಕಿಕೊಂಡು ಹೋಗುವುದಿಲ್ಲ. ಅರ್ಜಿ ಹಾಕಬೇಕು, ಸಾಮಾನ್ಯವಾಗಿ ಸುದ್ದಿಮನೆಯೇ ಹಾಕುತ್ತದೆ, ಪ್ರತಿ ಅರ್ಜಿಗೆ 75 ಡಾಲರ್ ಶುಲ್ಕ ಕಟ್ಟಬೇಕು. ಹಿಂದಿನ ಕ್ಯಾಲೆಂಡರ್ ವರ್ಷದಲ್ಲಿ ಪ್ರಕಟವಾದ ಕೆಲಸ ಮಾತ್ರ ಲೆಕ್ಕಕ್ಕೆ ಬರುತ್ತದೆ. ಎಷ್ಟು ಬರಹ ಲಗತ್ತಿಸಬಹುದು ಎಂಬುದಕ್ಕೆ ವಿಭಾಗಕ್ಕೊಂದು ಮಿತಿ. ಜತೆಗೊಂದು ಪರಿಚಯ ಪತ್ರ: ವರದಿಗಾರರು ಏನು ಕಂಡುಹಿಡಿದರು, ಎಷ್ಟು ಕಷ್ಟಪಟ್ಟರು, ಪ್ರಕಟವಾದ ಮೇಲೆ ಏನು ಬದಲಾಯಿತು ಎಂದು ಸಂಪಾದಕರು ಬರೆಯುವ ಪತ್ರ. ಈ ಪತ್ರದ ತೂಕ ಹೊರಗಿನವರಿಗೆ ಗೊತ್ತಿಲ್ಲ. ದೊಡ್ಡ ಸುದ್ದಿಮನೆಗಳಲ್ಲಿ ಇದನ್ನೇ ವಾರಗಟ್ಟಲೆ ತಿದ್ದಿ ತೀಡುತ್ತಾರೆ. ಇಡೀ ಸುದ್ದಿಮನೆಯಲ್ಲಿ ನಾಲ್ಕೇ ಜನ ಇರುವ ಕಡೆ ಭಾನುವಾರ ಸಂಜೆ ಒಬ್ಬರು ಕೂತು ಬರೆದು ಕಳಿಸುತ್ತಾರೆ.

ಅರ್ಜಿಯಲ್ಲಿ ಇನ್ನೊಂದು ಕಡ್ಡಾಯ ಇದೆ. ವರದಿಯ ಪ್ರಾಮಾಣಿಕತೆ, ನಿಖರತೆ, ನ್ಯಾಯಪರತೆಯ ಬಗ್ಗೆ ಯಾರಾದರೂ ಗಂಭೀರ ಆಕ್ಷೇಪ ಎತ್ತಿದ್ದರೆ ಅದನ್ನೂ, ಪ್ರಕಟಿಸಿದ ತಿದ್ದುಪಡಿಯನ್ನೂ, ಪತ್ರಿಕೆ ಕೊಟ್ಟ ಉತ್ತರವನ್ನೂ ಲಗತ್ತಿಸಬೇಕು. ಒಳ್ಳೆಯ ನಿಯಮ. ಆದರೆ ಲಗತ್ತಿಸಬೇಕಾದವರು ಅರ್ಜಿ ಹಾಕಿದವರೇ.

ಪತ್ರಿಕೋದ್ಯಮದ 15 ವಿಭಾಗಗಳಿಗೆ ಬರುವ ಅರ್ಜಿಗಳು ಸಾವಿರಕ್ಕೂ ಮೇಲೆ. ಪ್ರತಿ ವಿಭಾಗಕ್ಕೂ ಕೆಲವೇ ಮಂದಿಯ ತೀರ್ಪುಗಾರರ ತಂಡ, ಕೆಲವೇ ದಿನಗಳ ಚರ್ಚೆ. ಅವರು ಮೂರು ಕೆಲಸ ಆರಿಸಿ, ಒಂದು-ಎರಡು-ಮೂರು ಎಂದು ಅಂಕಿ ಹಾಕದೆ ಮಂಡಳಿಗೆ ಕಳಿಸುತ್ತಾರೆ. ಅಂತಿಮ ಆಯ್ಕೆ ಮಂಡಳಿಯದು. ಮಂಡಳಿಗೆ ಬಹುಮತ ಸಾಕು; ಮೂವರನ್ನೂ ಬಿಟ್ಟು ಬೇರೆಯದನ್ನು ಆರಿಸಬೇಕಾದರೆ ಮುಕ್ಕಾಲು ಪಾಲು ಮತ ಬೇಕು. ಯಾರಿಗೂ ಕೊಡದೆ ಬಿಡುವ ಹಕ್ಕೂ ಇದೆ. 2012ರಲ್ಲಿ ಸಂಪಾದಕೀಯ ವಿಭಾಗದಲ್ಲಿ ಹಾಗೇ ಆಯಿತು.

ಈ ಇಡೀ ಸರಣಿಯಲ್ಲಿ ವರದಿಗಾರರ ನೋಟ್‌ಬುಕ್ ಎಲ್ಲೂ ಬರುವುದಿಲ್ಲ. ಧ್ವನಿಮುದ್ರಣ ಬರುವುದಿಲ್ಲ. ಮೂಲಗಳ ಜತೆ ತೀರ್ಪುಗಾರರು ಮಾತನಾಡುವುದಿಲ್ಲ. ಹೆಸರು ಹೇಳಲಿಚ್ಛಿಸದ ಮೂಲವಾಗಿದ್ದರೆ ಮಾತನಾಡಲು ಸಾಧ್ಯವೂ ಇಲ್ಲ. ಪರಿಶೀಲನೆ ಸುದ್ದಿಮನೆಯಲ್ಲಿ ಆಗಿದೆ ಎಂಬ ನಂಬಿಕೆಯ ಮೇಲೆ ಎಲ್ಲವೂ ನಡೆಯುತ್ತದೆ. ಅಲ್ಲಿ ಬಿರುಕಿದ್ದರೆ ಅದು ಪ್ರಶಸ್ತಿಯವರೆಗೂ ಸಾಗಿಬರುತ್ತದೆ.

ಬಯೊಡೇಟಾದಲ್ಲಿ ಸಿಕ್ಕಿಬಿದ್ದ ಸುಳ್ಳು

1980ರ ಸೆಪ್ಟೆಂಬರ್ 28ರಂದು ವಾಷಿಂಗ್ಟನ್ ಪೋಸ್ಟ್ ಮುಖಪುಟದಲ್ಲಿ ಜಾನೆಟ್ ಕುಕ್ ಅವರ ವರದಿ ಬಂತು. ಹೆರಾಯಿನ್ ಚಟಕ್ಕೆ ಬಿದ್ದ ಎಂಟು ವರ್ಷದ ಹುಡುಗ, ಅವನ ತೋಳಿನ ಮೇಲಿನ ಸೂಜಿ ಗುರುತುಗಳು. ಹುಡುಗನನ್ನು ಕಾಪಾಡಲು ನಗರಾಡಳಿತ, ಪೊಲೀಸರು ಬೀದಿಬೀದಿ ಹುಡುಕಿದರೂ ಅವನು ಸಿಗಲಿಲ್ಲ. ಸಿಗದೇ ಇದ್ದದ್ದೇ ದೊಡ್ಡ ಎಚ್ಚರಿಕೆ ಗಂಟೆ. ಮೂಲವನ್ನು ಕಾಪಾಡುವುದು ಪತ್ರಿಕಾಧರ್ಮ ಎಂಬ ಮಾತಿನ ಹಿಂದೆ ಆ ಗಂಟೆಯ ಸದ್ದು ಅಡಗಿಹೋಯಿತು. ಪತ್ರಿಕೆ ಅದನ್ನೇ ಪುಲಿಟ್ಜರ್‌ಗೆ ಕಳಿಸಿತು.

ಕಳಿಸಿದ್ದು ಸ್ಥಳೀಯ ಸುದ್ದಿ ವಿಭಾಗಕ್ಕೆ. ಮಂಡಳಿ ಅದನ್ನು ಅಲ್ಲಿಂದ ಎತ್ತಿ ನುಡಿಚಿತ್ರ ವಿಭಾಗಕ್ಕೆ ಹಾಕಿ ಬಹುಮಾನ ಕೊಟ್ಟಿತು. ನುಡಿಚಿತ್ರದ ತೀರ್ಪುಗಾರರು ಅದನ್ನು ಓದಿಯೇ ಇರಲಿಲ್ಲ. ವಿಭಾಗ ಬದಲಿಸುವುದು ತಪ್ಪೇನಲ್ಲ. 2022ರಲ್ಲಿ ಕೋವಿಡ್ ಕಾಲದ ಭಾರತದ ಚಿತ್ರಗಳಿಗಾಗಿ ರಾಯಿಟರ್ಸ್‌ನ ದಾನಿಶ್ ಸಿದ್ದಿಕಿ ಮತ್ತು ಸಂಗಡಿಗರಿಗೆ ಬಂದ ಪುಲಿಟ್ಜರ್ ಕೂಡ ತಾಜಾ ಸುದ್ದಿ ಚಿತ್ರದಿಂದ ನುಡಿಚಿತ್ರ ಛಾಯಾಗ್ರಹಣಕ್ಕೆ ಸರಿದದ್ದೇ. ಆದರೆ ಕುಕ್ ಪ್ರಕರಣದಲ್ಲಿ ಹೀಗೆ ಸರಿದಾಗ, ಅನುಮಾನದ ಕಣ್ಣಿನಿಂದ ಓದಬಹುದಾಗಿದ್ದ ಒಂದು ತಂಡ ತಪ್ಪಿಹೋಯಿತು.

1981ರ ಏಪ್ರಿಲ್ 13ರಂದು ಹೆಸರು ಪ್ರಕಟವಾಯಿತು. ಎಪಿ ಎಂದಿನಂತೆ ವಿಜೇತರ ಕಿರುಪರಿಚಯ ಎಲ್ಲೆಡೆ ಕಳಿಸಿತು. ಕುಕ್ ಹಿಂದೆ ಕೆಲಸ ಮಾಡಿದ್ದ ಟೊಲಿಡೊ ಬ್ಲೇಡ್ ಪತ್ರಿಕೆಯವರು ‘ನಮ್ಮ ಹುಡುಗಿ’ ಎಂಬ ಹೆಮ್ಮೆಯಿಂದ ಓದಲು ಕೂತರೆ ವಿವರ ಹೊಂದಲಿಲ್ಲ. ವಾಸರ್ ಕಾಲೇಜಿನ ಪದವಿ ಎಂದಿತ್ತು. ಅವರಿಗೆ ಗೊತ್ತಿದ್ದಂತೆ ಆಕೆ ಪದವಿ ಪಡೆದದ್ದು ಟೊಲಿಡೊ ವಿಶ್ವವಿದ್ಯಾಲಯದಲ್ಲಿ. ಬಲ್ಲ ಭಾಷೆಗಳ ಪಟ್ಟಿಯೂ ಉದ್ದವಾಗಿತ್ತು. ಪೋಸ್ಟ್‌ನ ಸಂಪಾದಕ ಬೆನ್ ಬ್ರಾಡ್ಲಿ ಆಕೆಯನ್ನು ಕರೆದು ಫ್ರೆಂಚ್, ಪೋರ್ಚುಗೀಸ್ ಮಾತಾಡಿಸಿ ನೋಡಿದರು. ಬರಲಿಲ್ಲ. ರಾತ್ರಿಯ ಹೊತ್ತಿಗೆ ಹುಡುಗನೇ ಇಲ್ಲ ಎಂಬುದೂ ಹೊರಬಿತ್ತು. ಏಪ್ರಿಲ್ 15ರಂದು ಪತ್ರಿಕೆ ಪ್ರಶಸ್ತಿ ಹಿಂದಿರುಗಿಸಿತು; ಅದು ವಿಲೇಜ್ ವಾಯ್ಸ್ ಪತ್ರಿಕೆಯ ಟೆರೀಸಾ ಕಾರ್ಪೆಂಟರ್ ಅವರಿಗೆ ಹೋಯಿತು.

ವರದಿಯಲ್ಲಿನ ಸುಳ್ಳು ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳದೆ ಉಳಿದಿತ್ತು. ಬಯೊಡೇಟಾದ ಸುಳ್ಳು ಎರಡೇ ದಿನದಲ್ಲಿ ಬಯಲಾಯಿತು. ಕಾರಣ ಸರಳ: ಪದವಿ ಇದೆಯೇ ಎಂದು ಒಂದು ಫೋನ್ ಕರೆಯಲ್ಲಿ ತಿಳಿಯಬಹುದು, ಹೆಸರಿಲ್ಲದ ಹುಡುಗ ಇದ್ದಾನೆಯೇ ಎಂದು ತಿಳಿಯುವ ದಾರಿಯನ್ನೇ ವರದಿ ಮುಚ್ಚಿಟ್ಟಿತ್ತು.

ಇಷ್ಟು ಚೆಂದದ ಕಥೆ ಎಲ್ಲಿಂದ ಬಂತು?

ಜರ್ಮನಿಯ ಡೆರ್ ಶ್ಪೀಗೆಲ್ ವಾರಪತ್ರಿಕೆಯ ಕ್ಲಾಸ್ ರೆಲೋಟಿಯಸ್ ಪ್ರಕರಣ ಇದರ ಮುಂದಿನ ಅಧ್ಯಾಯ. ಜರ್ಮನ್ ರಿಪೋರ್ಟರ್ ಪ್ರಶಸ್ತಿ ನಾಲ್ಕು ಬಾರಿ, 2014ರಲ್ಲಿ ಸಿಎನ್ಎನ್‌ನ ವರ್ಷದ ಪತ್ರಕರ್ತ ಗೌರವ. 2018ರ ಡಿಸೆಂಬರ್ ಆರಂಭದಲ್ಲಿ ಕೊನೆಯ ಪ್ರಶಸ್ತಿ. ಅದೇ ಡಿಸೆಂಬರ್ 19ರಂದು ಪತ್ರಿಕೆಯೇ ಅವರ ವಂಚನೆಯನ್ನು ಬಹಿರಂಗಪಡಿಸಿತು. ಬರೆದ ಸುಮಾರು 60 ಲೇಖನಗಳಲ್ಲಿ ಕನಿಷ್ಠ 14ರಲ್ಲಿ ಕಟ್ಟುಕಥೆ ಸೇರಿತ್ತು ಎಂದು ಆಗ ಹೇಳಿತು.

ಶ್ಪೀಗೆಲ್‌ನಲ್ಲಿ ಸತ್ಯಶೋಧನೆಗೆಂದೇ ದೊಡ್ಡ ವಿಭಾಗ ಇತ್ತು. ಆದರೂ ತಪ್ಪಿಸಿಕೊಂಡದ್ದು ಹೇಗೆ? ಸತ್ಯಶೋಧಕರು ಊರಿನ ಜನಸಂಖ್ಯೆ, ನದಿಯ ಹೆಸರು, ದಿನಾಂಕ ಇವನ್ನು ನೋಡುತ್ತಾರೆ. ಅವೆಲ್ಲ ಸರಿ ಇರುತ್ತಿದ್ದವು. ರೆಲೋಟಿಯಸ್ ಹೆಣೆಯುತ್ತಿದ್ದದ್ದು ಅವುಗಳ ನಡುವಿನ ಜಾಗದಲ್ಲಿ: ಪಾತ್ರ ಗುನುಗಿದ ಹಾಡು, ಒಬ್ಬರೇ ಇದ್ದಾಗ ಆಡಿದ ಮಾತು, ಗೋಡೆಯ ಮೇಲಿನ ಬರಹ. ವಿಷಯವೋ ದೂರದೇಶದ್ದು, ಅಲ್ಲಿನವರಿಗೆ ಜರ್ಮನ್ ಓದಲು ಬರುವುದಿಲ್ಲ, ಆಕ್ಷೇಪಿಸಿ ಪತ್ರ ಬರೆಯುವುದಿಲ್ಲ. ಅಮೆರಿಕದ ಫರ್ಗಸ್ ಫಾಲ್ಸ್ ಎಂಬ ಸಣ್ಣ ಊರಿನ ಬಗ್ಗೆ ಬರೆಯುವಾಗ ಊರ ಬಾಗಿಲಲ್ಲೇ ಮೆಕ್ಸಿಕನ್ನರು ಬರಬೇಡಿ ಎಂಬ ಫಲಕ ಇದೆ ಎಂದಿದ್ದರು. ಅಂಥ ಫಲಕ ಇರಲಿಲ್ಲ. ಅಲ್ಲಿನ ಇಬ್ಬರು ನಿವಾಸಿಗಳು ಲೇಖನವನ್ನು ಅನುವಾದಿಸಿಕೊಂಡು ಸಾಲುಸಾಲಾಗಿ ತಪ್ಪುಗಳ ಪಟ್ಟಿ ಮಾಡಿದರು. ಆದರೆ ಆ ಪಟ್ಟಿ ಹೊರಬಂದದ್ದು 2018ರ ಡಿಸೆಂಬರ್‌ನಲ್ಲೇ. ಸಿಕ್ಕಿಹಾಕಿಸಿದ್ದು ಸಹೋದ್ಯೋಗಿ ಹುವಾನ್ ಮೊರೆನೊ. ಅಮೆರಿಕ-ಮೆಕ್ಸಿಕೊ ಗಡಿ ಕಾಯುವ ಶಸ್ತ್ರಧಾರಿ ಗುಂಪಿನ ಬಗ್ಗೆ ಇಬ್ಬರೂ ಸೇರಿ ಬರೆದ ಲೇಖನದಲ್ಲಿ ಅನುಮಾನ ಹುಟ್ಟಿ, ತಮ್ಮದೇ ಖರ್ಚಿನಲ್ಲಿ ಅಲ್ಲಿಗೆ ಹೋಗಿ ಆ ಗುಂಪಿನವರನ್ನು ಕೇಳಿದರು. ಅವರು ರೆಲೋಟಿಯಸ್‌ರನ್ನು ಭೇಟಿಯೇ ಆಗಿರಲಿಲ್ಲ.

ಪ್ರಶಸ್ತಿಗಳ ಪಾತ್ರ ಇಲ್ಲಿ ಎರಡು ಬಗೆಯದು. ಒಂದು, ಪ್ರಶಸ್ತಿ ಬಂದವರ ಬರಹವನ್ನು ಪ್ರಶ್ನಿಸುವುದು ಕಚೇರಿಯೊಳಗೆ ಕಷ್ಟವಾಗುತ್ತದೆ. ಮೊರೆನೊ ದೂರು ಕೊಟ್ಟಾಗ ಮೊದಲು ಅನುಮಾನ ಬಂದದ್ದು ಮೊರೆನೊ ಮೇಲೆಯೇ. ಎರಡು, ತೀರ್ಪುಗಾರರಿಗೆ ಯಾವ ಬಗೆಯ ಬರಹ ಹಿಡಿಸುತ್ತದೆ ಎಂಬುದು ಬೇಗ ಗೊತ್ತಾಗಿಬಿಡುತ್ತದೆ. ಒಂದೇ ಪಾತ್ರದ ಮೂಲಕ ಇಡೀ ಸಮಸ್ಯೆ ಹೇಳುವ, ಮೊದಲ ಸಾಲಿಗೂ ಕೊನೆಯ ಸಾಲಿಗೂ ಕೊಂಡಿ ಬೆಸೆಯುವ, ಎಲ್ಲೂ ಎಳೆ ಬಿಡದ ಬರಹ. ನಿಜ ಜೀವನದಲ್ಲಿ ಪಾತ್ರಗಳು ಅಷ್ಟು ಅಚ್ಚುಕಟ್ಟಾಗಿ ಸಿಗುವುದು ಅಪರೂಪ. ಅರ್ಧಕ್ಕೆ ಮಾತು ನಿಲ್ಲಿಸುತ್ತಾರೆ, ಹಿಂದೆ ಹೇಳಿದ್ದಕ್ಕೆ ವಿರುದ್ಧ ಹೇಳುತ್ತಾರೆ. ಅದನ್ನೆಲ್ಲ ಪ್ರಾಮಾಣಿಕವಾಗಿ ದಾಖಲಿಸಿದ ವರದಿ ಓದಲು ಸ್ವಲ್ಪ ಒರಟಾಗಿರುತ್ತದೆ, ಸ್ಪರ್ಧೆಯಲ್ಲಿ ಹಿಂದೆ ಬೀಳುತ್ತದೆ.

ಸಣ್ಣ ಅಡ್ಡಪರಿಣಾಮವೂ ಒಂದಿದೆ. ಕ್ಯಾಲೆಂಡರ್ ವರ್ಷದ ನಿಯಮದಿಂದಾಗಿ ಅಮೆರಿಕದ ಪತ್ರಿಕೆಗಳಲ್ಲಿ ದೊಡ್ಡ ತನಿಖಾ ಸರಣಿಗಳು ನವೆಂಬರ್, ಡಿಸೆಂಬರ್‌ನಲ್ಲಿ ಒಟ್ಟೊಟ್ಟಿಗೆ ಹೊರಬೀಳುತ್ತವೆ. ಡಿಸೆಂಬರ್ 31ರ ಗಡಿ ಓದುಗರದಲ್ಲ, ಅರ್ಜಿ ನಮೂನೆಯದು.

ಕಚ್ಚಾ ಫೈಲ್ ಹೇಳುವುದು, ಹೇಳದೇ ಇರುವುದು

ಬರಹಕ್ಕೆ ಇಲ್ಲದ ಒಂದು ಅನುಕೂಲ ಫೋಟೊಗೆ ಇದೆ. ಕ್ಯಾಮೆರಾದಿಂದ ಬಂದ ಮೂಲ ಕಚ್ಚಾ ಫೈಲನ್ನು ತರಿಸಿ ಸಲ್ಲಿಸಿದ ಚಿತ್ರದ ಪಕ್ಕದಲ್ಲಿಟ್ಟು ನೋಡಬಹುದು. ವರ್ಲ್ಡ್ ಪ್ರೆಸ್ ಫೋಟೊ ಅಂತಿಮ ಸುತ್ತುಗಳಿಗೆ ಬಂದವರಿಂದ ಇದನ್ನು ಕೇಳುತ್ತದೆ, ಆ ಕ್ಷಣದ ಹಿಂದುಮುಂದಿನ ಫ್ರೇಮ್‌ಗಳನ್ನೂ ಕೇಳುತ್ತದೆ. ಅಂಚು ಕತ್ತರಿಸಬಹುದು, ಬಣ್ಣದ ಚಿತ್ರವನ್ನು ಕಪ್ಪುಬಿಳುಪು ಮಾಡಬಹುದು. ಇದ್ದದ್ದನ್ನು ಅಳಿಸುವುದು, ಇಲ್ಲದ್ದನ್ನು ಸೇರಿಸುವುದು ನಿಷಿದ್ಧ. 2010ರಲ್ಲಿ ಸ್ಟೆಪಾನ್ ರುಡಿಕ್ ಅವರ ಬಹುಮಾನ ಹೋದದ್ದು ಹಿನ್ನೆಲೆಯಲ್ಲಿ ಇಣುಕುತ್ತಿದ್ದ ಇನ್ನೊಬ್ಬರ ಪಾದದ ತುದಿಯನ್ನು ಅಳಿಸಿದ್ದಕ್ಕೆ. ನೆರಳನ್ನು ವಿಪರೀತ ಕಪ್ಪು ಮಾಡಿ ಅದರಲ್ಲಿದ್ದ ವಸ್ತುಗಳನ್ನು ಮುಳುಗಿಸುವುದೂ ಅಳಿಸಿದಂತೆಯೇ. 2015ರಲ್ಲಿ ಕೊನೆಯ ಸುತ್ತಿನ ಹಿಂದಿನ ಹಂತ ತಲುಪಿದ ಚಿತ್ರಗಳ ಪೈಕಿ ಶೇ 20ರಷ್ಟು ತಿರುಚುವಿಕೆಯ ಕಾರಣಕ್ಕೆ ಹೊರಬಿದ್ದವು.

ಅದೇ ವರ್ಷ ಈ ಪರೀಕ್ಷೆಯ ಮಿತಿಯೂ ಕಂಡಿತು. ಇಟಲಿಯ ಜಿಯೊವಾನಿ ಟ್ರೊಯಿಲೊ ಅವರ ಚಿತ್ರಮಾಲೆ ಬೆಲ್ಜಿಯಂನ ಶಾರ್ಲೆರ್ವಾ ನಗರದ ಬಗ್ಗೆ ಇತ್ತು. ಅದರಲ್ಲಿನ ಒಂದು ಚಿತ್ರ ಶಾರ್ಲೆರ್ವಾದಲ್ಲಿ ತೆಗೆದದ್ದಲ್ಲ, ಬ್ರಸೆಲ್ಸ್‌ನದು ಎಂದು ಗೊತ್ತಾಗಿ ಬಹುಮಾನ ರದ್ದಾಯಿತು. ಕಚ್ಚಾ ಫೈಲಿಗೆ ಪಿಕ್ಸೆಲ್ ಗೊತ್ತು, ಅಡಿಬರಹ ಗೊತ್ತಿಲ್ಲ. ಎಲ್ಲಿ, ಯಾವಾಗ, ಯಾರು ಎಂಬುದೆಲ್ಲ ಫೋಟೊಗ್ರಾಫರ್ ಕೈಯಿಂದ ಬರೆದು ಸೇರಿಸುವ ಮಾಹಿತಿ. ತ್ರಾಂಗ್ ಬಾಂಗ್ ಚಿತ್ರದ ತೊಡಕೂ ಇಲ್ಲೇ ಇರುವುದು. ಚಿತ್ರ ಅಪ್ಪಟ; ಜಗಳ ಇರುವುದು ಸೈಗಾನ್ ಕಚೇರಿಯಲ್ಲಿ ಟೈಪಾದ ಒಂದು ಹೆಸರಿನ ಮೇಲೆ.

ಆ ಹೆಸರು ಯಾರು ಹಾಕುತ್ತಾರೆ ಎಂಬುದಕ್ಕೂ ಒಂದು ರಾಜಕೀಯ ಇದೆ. ಯುದ್ಧಭೂಮಿಯಲ್ಲಿ ದಾರಿ ತೋರಿಸುವವರು, ಭಾಷಾಂತರ ಮಾಡುವವರು, ಬಿಡಿಬಿಡಿಯಾಗಿ ಚಿತ್ರ ಮಾರುವವರು ಸಾಮಾನ್ಯವಾಗಿ ಸ್ಥಳೀಯರು. ಬೈಲೈನ್, ಅಂದರೆ ಕೆಲಸದ ಜತೆ ಅಚ್ಚಾಗುವ ಹೆಸರು, ನಿರ್ಧರಿಸುವುದು ಕಚೇರಿಯಲ್ಲಿ ಕೂತ ಸಂಪಾದಕರ ಡೆಸ್ಕ್. ಪ್ರಶಸ್ತಿ ಅರ್ಜಿ ಬೈಲೈನನ್ನೇ ನಕಲು ಮಾಡುತ್ತದೆ. ಘೆ ಹೇಳುವುದು ನಿಜವೋ ಸುಳ್ಳೋ, ಆದರೆ 20 ಡಾಲರ್‌ಗೆ ಫಿಲ್ಮ್ ಮಾರಿದವನ ಹೆಸರು ದಾಖಲೆಯಲ್ಲಿ ಉಳಿಯದೇ ಹೋಗುವುದು ಆ ಕಾಲದ ವ್ಯವಸ್ಥೆಯಲ್ಲಿ ಅಸಂಭವವೇನೂ ಆಗಿರಲಿಲ್ಲ.

ಎಐ ಬಂದ ಮೇಲೆ ಕಚ್ಚಾ ಫೈಲಿನ ಬೆಲೆ ಇನ್ನೂ ಏರಿದೆ. 2023ರಲ್ಲಿ ವರ್ಲ್ಡ್ ಪ್ರೆಸ್ ಫೋಟೊ ತನ್ನ ಮುಕ್ತ ವಿಭಾಗದಲ್ಲಿ ಎಐ ಚಿತ್ರಗಳಿಗೆ ಅವಕಾಶ ಕೊಡಲು ಹೊರಟು, ಫೋಟೊಗ್ರಾಫರ್‌ಗಳ ಸಿಟ್ಟು ಕಂಡು ಹಿಂದೆ ಸರಿಯಿತು. ಪುಲಿಟ್ಜರ್‌ನದು ಬೇರೆ ದಾರಿ: ನಿಷೇಧವಿಲ್ಲ, ಬಳಸಿದ್ದರೆ ಅರ್ಜಿಯಲ್ಲಿ ಹೇಳಬೇಕು. 2024ರಲ್ಲಿ ಗೆದ್ದವರಲ್ಲಿ ಇಬ್ಬರು ಹೇಳಿದ್ದರು. ಷಿಕಾಗೊದ ತಂಡ ಪೊಲೀಸ್ ದೂರುಗಳ ರಾಶಿಯನ್ನು ಜಾಲಾಡಲು, ನ್ಯೂಯಾರ್ಕ್ ಟೈಮ್ಸ್ ಉಪಗ್ರಹ ಚಿತ್ರಗಳಲ್ಲಿ 2,000 ಪೌಂಡ್ ಬಾಂಬಿನ ಗುಂಡಿಗಳನ್ನು ಗುರುತಿಸಲು ಯಂತ್ರಕಲಿಕೆ ಬಳಸಿದ್ದವು. ಹುಡುಕಲು ಯಂತ್ರ, ಖಚಿತಪಡಿಸಲು ಮನುಷ್ಯ. ಇದರಲ್ಲಿ ತಕರಾರಿಗೆ ಹೆಚ್ಚು ಜಾಗವಿಲ್ಲ.

ವಾಪಸ್ ಪಡೆಯಲು ಎಷ್ಟು ಪುರಾವೆ ಬೇಕು

ಓದುಗರನ್ನು ಹೆಚ್ಚು ಕೆರಳಿಸುವ ಹೆಸರು ವಾಲ್ಟರ್ ಡ್ಯುರಾಂಟಿ. ನ್ಯೂಯಾರ್ಕ್ ಟೈಮ್ಸ್‌ನ ಮಾಸ್ಕೊ ಬಾತ್ಮೀದಾರ. 1931ರ ವರದಿಗಳಿಗೆ 1932ರಲ್ಲಿ ಪುಲಿಟ್ಜರ್ ಬಂತು. 1932-33ರಲ್ಲಿ ಯುಕ್ರೇನಿನಲ್ಲಿ ಲಕ್ಷಗಟ್ಟಲೆ ಜನ ಹಸಿವಿನಿಂದ ಸತ್ತಾಗ ಅದನ್ನು ಅಲ್ಲಗಳೆದು ಬರೆದದ್ದು ಇದೇ ಡ್ಯುರಾಂಟಿ. ಪ್ರಶಸ್ತಿ ಕಿತ್ತುಕೊಳ್ಳಿ ಎಂಬ ಬೇಡಿಕೆಯನ್ನು ಮಂಡಳಿ 1990ರಲ್ಲೂ 2003ರಲ್ಲೂ ಒಪ್ಪಲಿಲ್ಲ. ಪತ್ರಿಕೆಯೇ ನೇಮಿಸಿದ ಇತಿಹಾಸಕಾರ ಮಾರ್ಕ್ ವಾನ್ ಹೇಗನ್ ಆ ವರದಿಗಳನ್ನು ಕಟುವಾಗಿ ಟೀಕಿಸಿ, ಪ್ರಶಸ್ತಿ ಹಿಂಪಡೆಯುವುದೇ ಸರಿ ಎಂದರೂ ಮಂಡಳಿ ಕದಲಲಿಲ್ಲ.

ಮಂಡಳಿಯ ವಾದ ಹೀಗೆ: ಪ್ರಶಸ್ತಿ ವ್ಯಕ್ತಿಯ ಚಾರಿತ್ರ್ಯಕ್ಕಲ್ಲ, ಜೀವಮಾನದ ಕೆಲಸಕ್ಕೂ ಅಲ್ಲ, ಅರ್ಜಿಯ ಜತೆ ಬಂದ ನಿರ್ದಿಷ್ಟ ಬರಹಗಳಿಗೆ. ಆ 13 ಲೇಖನಗಳು ಬಂದದ್ದು 1931ರಲ್ಲಿ, ಕ್ಷಾಮಕ್ಕೆ ಮುಂಚೆ. ಅವು ಇಂದಿನ ಮಾನದಂಡಕ್ಕೆ ನಿಲ್ಲುವುದಿಲ್ಲ, ನಿಜ. ಆದರೆ ಅವುಗಳಲ್ಲಿ ಉದ್ದೇಶಪೂರ್ವಕ ವಂಚನೆ ಇದೆ ಎನ್ನಲು ಸ್ಪಷ್ಟ, ಮನವರಿಕೆಯಾಗುವ ಪುರಾವೆ ಇಲ್ಲ. ಸಂಬಂಧಪಟ್ಟವರೆಲ್ಲ ಸತ್ತು ಉತ್ತರ ಕೊಡಲಾಗದಿರುವಾಗ ಹಿಂಪಡೆಯುವುದು ದೊಡ್ಡ ಹೆಜ್ಜೆ.

ಕಾನೂನಿನ ಕಣ್ಣಿಂದ ನೋಡಿದರೆ ಈ ವಾದದಲ್ಲಿ ತೂತಿಲ್ಲ. ಆದರೂ ಒಪ್ಪುವುದು ಕಷ್ಟ. ಸ್ಟಾಲಿನ್ ಸರ್ಕಾರ ಹೇಳಿದ್ದನ್ನೇ ಬರೆಯುವ ರೋಗ 1932ರಲ್ಲಿ ದಿಢೀರನೆ ಹುಟ್ಟಿದ್ದಲ್ಲ, ಆ 13 ಲೇಖನಗಳಲ್ಲೇ ಅದರ ಲಕ್ಷಣ ಇದೆ ಎಂಬುದು ಟೀಕಾಕಾರರ ಮಾತು. ವಂಚನೆಗೂ ಕಣ್ಮುಚ್ಚಿ ನಂಬುವುದಕ್ಕೂ ನಡುವೆ ಇರುವ ವಿಶಾಲ ಜಾಗದಲ್ಲಿ ಬಹುಪಾಲು ಕೆಟ್ಟ ಪತ್ರಿಕೋದ್ಯಮ ವಾಸಿಸುತ್ತದೆ. ಮಂಡಳಿಯ ಮಾನದಂಡ ಅಲ್ಲಿಗೆ ತಲುಪುವುದೇ ಇಲ್ಲ.

ಇದನ್ನು 2018ರ ‘ಕ್ಯಾಲಿಫೇಟ್’ ಪಾಡ್‌ಕಾಸ್ಟ್ ಜತೆ ಇಟ್ಟು ನೋಡಿ. ಅದೂ ನ್ಯೂಯಾರ್ಕ್ ಟೈಮ್ಸ್‌ನದೇ. ಐಎಸ್ ಸೇರಿ ಕೊಲೆ ಮಾಡಿದ್ದೆ ಎಂದ ಕೆನಡಾದ ಯುವಕನ ಮಾತನ್ನು ನೆಚ್ಚಿ ಕಟ್ಟಿದ ಸರಣಿ. 2020ರಲ್ಲಿ ಕೆನಡಾ ಪೊಲೀಸರು ಅವನ ಮೇಲೆ ಸುಳ್ಳು ಭಯೋತ್ಪಾದನಾ ಕಥೆ ಹೇಳಿದ ಆರೋಪ ಹೊರಿಸಿದರು. ಆರೋಪವನ್ನು ಮುಂದೆ ಕೈಬಿಡಲಾಯಿತು. ಪತ್ರಿಕೆ ಮರುಪರಿಶೀಲಿಸಿ, ಅವನ ಮಾತು ನಂಬಲರ್ಹವಲ್ಲ ಎಂದು ಒಪ್ಪಿ, ಅದಕ್ಕೆ ಬಂದಿದ್ದ ಪೀಬಾಡಿ ಎಂಬ ಪ್ರಸಾರ ಮಾಧ್ಯಮ ಪ್ರಶಸ್ತಿಯನ್ನು ತಾನಾಗಿ ಹಿಂದಿರುಗಿಸಿತು. ಇಲ್ಲಿ ವರದಿಗಾರರು ವಂಚಿಸಲಿಲ್ಲ, ತಾವೇ ಮೋಸಹೋದರು. ಪುಲಿಟ್ಜರ್ ಮಂಡಳಿಯ ಅಳತೆಗೋಲು ಹಿಡಿದಿದ್ದರೆ ಪ್ರಶಸ್ತಿ ಉಳಿದೇಬಿಡುತ್ತಿತ್ತು. ಪತ್ರಿಕೆ ತಾನೇ ಕೈಬಿಟ್ಟದ್ದರಿಂದ ಆ ಪ್ರಶ್ನೆಯೇ ಬರಲಿಲ್ಲ. ಕುಕ್ ಪ್ರಕರಣದಲ್ಲೂ ಆದದ್ದು ಇದೇ. ಪ್ರಶಸ್ತಿ ಹೋದ ಸುದ್ದಿ ಬಂದಾಗಲೆಲ್ಲ ಮೊದಲು ನೋಡಬೇಕಾದದ್ದು, ಕೊಟ್ಟವರು ಕಿತ್ತುಕೊಂಡರೋ, ಪಡೆದವರು ಬಿಟ್ಟುಕೊಟ್ಟರೋ ಎಂಬುದನ್ನು.

ಕೋರ್ಟಿಗೆ ಹೋದದ್ದು ಪ್ರಶಸ್ತಿಯಲ್ಲ, ಹೇಳಿಕೆ

ಡೊನಾಲ್ಡ್ ಟ್ರಂಪ್ ಪುಲಿಟ್ಜರ್ ಮಂಡಳಿಯ ಮೇಲೆ ಹೂಡಿರುವ ಮೊಕದ್ದಮೆಯನ್ನು ಅನೇಕರು ‘ಪ್ರಶಸ್ತಿ ರದ್ದತಿಗೆ ದಾವೆ’ ಎಂದು ತಿಳಿದಿದ್ದಾರೆ. ಅದು ಮಾನನಷ್ಟ ಮೊಕದ್ದಮೆ. 2016ರ ಚುನಾವಣೆಯಲ್ಲಿ ರಷ್ಯಾದ ಹಸ್ತಕ್ಷೇಪದ ಕುರಿತ ವರದಿಗಳಿಗೆ ನ್ಯೂಯಾರ್ಕ್ ಟೈಮ್ಸ್, ವಾಷಿಂಗ್ಟನ್ ಪೋಸ್ಟ್ ಎರಡಕ್ಕೂ 2018ರಲ್ಲಿ ಪುಲಿಟ್ಜರ್ ಬಂತು. ಟ್ರಂಪ್ ಆಕ್ಷೇಪಿಸಿದರು. ಮಂಡಳಿ ಹೊರಗಿನವರಿಂದ ಎರಡು ಪ್ರತ್ಯೇಕ ಪರಿಶೀಲನೆ ಮಾಡಿಸಿ, ಪ್ರಶಸ್ತಿ ಬಂದ ಬರಹಗಳಲ್ಲಿನ ಯಾವ ಭಾಗವೂ ನಂತರದ ಬೆಳವಣಿಗೆಗಳಿಂದ ಸುಳ್ಳಾಗಿಲ್ಲ ಎಂದು 2022ರ ಜುಲೈನಲ್ಲಿ ಹೇಳಿಕೆ ಕೊಟ್ಟಿತು. ಡಿಸೆಂಬರ್‌ನಲ್ಲಿ ಫ್ಲೋರಿಡಾದಲ್ಲಿ ದಾವೆ ಹೂಡಿದ್ದು ಈ ಹೇಳಿಕೆಯ ಮೇಲೆ. ಹೊರರಾಜ್ಯದ ಸದಸ್ಯರ ಮೇಲೂ ಫ್ಲೋರಿಡಾದಲ್ಲಿ ಮೊಕದ್ದಮೆ ನಡೆಸಬಹುದು ಎಂದು 2025ರ ಫೆಬ್ರುವರಿಯಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಹೇಳಿತು. ಅದು ಅಧಿಕಾರವ್ಯಾಪ್ತಿಯ ತೀರ್ಪು, ವರದಿ ಸರಿಯೋ ತಪ್ಪೋ ಎಂಬುದರ ತೀರ್ಪಲ್ಲ.

ಇದರ ಪರಿಣಾಮ ಎಲ್ಲಿಗೆ ಹೋಗಬಹುದು? ಪ್ರಶಸ್ತಿ ಕೊಟ್ಟು ಸುಮ್ಮನಿದ್ದ ಸಂಸ್ಥೆಗೆ ತೊಂದರೆ ಇಲ್ಲ. ದೂರು ಬಂದಾಗ ಪರಿಶೀಲಿಸಿ ಕಾರಣ ವಿವರಿಸಿದ ಸಂಸ್ಥೆ ಕಟಕಟೆಯಲ್ಲಿ ನಿಲ್ಲಬೇಕು. ವಕೀಲರ ಸಲಹೆ ಕೇಳಿದ ಯಾವ ಮಂಡಳಿಯೂ ಇನ್ನು ಮುಂದೆ ಒಂದು ಸಾಲಿನ ಉತ್ತರಕ್ಕೆ ನಿಲ್ಲುತ್ತದೆ. ಪಾರದರ್ಶಕತೆ ಬೇಕು ಎನ್ನುವವರಿಗೆ ಇದು ಒಳ್ಳೆಯ ಸುದ್ದಿಯಲ್ಲ.

ವ್ಯಕ್ತಿಗೆ ಕೊಡುವ ಪ್ರಶಸ್ತಿಗಳ ದಾರಿ ಬೇರೆ

ಇಷ್ಟು ಹೊತ್ತು ಹೇಳಿದ್ದು ಕೆಲಸಕ್ಕೆ ಕೊಡುವ ಪ್ರಶಸ್ತಿಗಳ ಮಾತು. ಯುನೆಸ್ಕೊ 1997ರಿಂದ ಕೊಡುತ್ತಿರುವ ಗಿಯೆರ್ಮೊ ಕಾನೊ ಪ್ರಶಸ್ತಿಯಂಥವು ಬೇರೆ ಜಾತಿಯವು. ಕೊಲಂಬಿಯಾದ ಸಂಪಾದಕ ಕಾನೊ ಅವರನ್ನು ಮಾದಕವಸ್ತು ಮಾಫಿಯಾ 1986ರ ಡಿಸೆಂಬರ್ 17ರಂದು ಅವರ ಪತ್ರಿಕಾಲಯದ ಎದುರೇ ಕೊಂದಿತು. ಅವರ ಹೆಸರಿನ 25,000 ಡಾಲರ್ ಪ್ರಶಸ್ತಿ ಇಂಥದ್ದೇ ಲೇಖನಕ್ಕೆ ಎಂದು ಬರುವುದಿಲ್ಲ, ಪತ್ರಿಕಾ ಸ್ವಾತಂತ್ರ್ಯಕ್ಕಾಗಿ ಅಪಾಯಕ್ಕೆ ಒಡ್ಡಿಕೊಂಡವರಿಗೆ ಬರುತ್ತದೆ. 2018ರಲ್ಲಿ ಈಜಿಪ್ಟ್‌ನ ಫೋಟೊಗ್ರಾಫರ್ ಶೌಕಾನ್‌ಗೆ ಬಂದಾಗ ಅವರು ಜೈಲಿನಲ್ಲಿದ್ದರು, ಈಜಿಪ್ಟ್ ಸರ್ಕಾರ ಪ್ರತಿಭಟಿಸಿತ್ತು. ಇಂಥ ಪ್ರಶಸ್ತಿಯಲ್ಲಿ ಪ್ರತಿ ಸಾಲೂ ಸರಿಯೇ ಎಂಬ ಪ್ರಶ್ನೆ ಅಪ್ರಸ್ತುತ. ಈ ಮನುಷ್ಯನ ಮೇಲೆ ಜಗತ್ತಿನ ಕಣ್ಣಿದೆ ಎಂದು ಸರ್ಕಾರಗಳಿಗೆ ತಿಳಿಸುವುದೇ ಇದರ ಉದ್ದೇಶ.

ಆ ಗುರಾಣಿ ಎಷ್ಟು ಗಟ್ಟಿ? 2021ರ ನೊಬೆಲ್ ಶಾಂತಿ ಪ್ರಶಸ್ತಿ ಹಂಚಿಕೊಂಡ ರಷ್ಯಾದ ಸಂಪಾದಕ ದ್ಮಿತ್ರಿ ಮುರಾತೊವ್ ಅವರ ನೊವಾಯಾ ಗಜೆಟಾ ಪತ್ರಿಕೆ ಮರುವರ್ಷ ಮಾರ್ಚ್‌ನಲ್ಲಿ ಪ್ರಕಟಣೆ ನಿಲ್ಲಿಸಬೇಕಾಯಿತು. ಜೂನ್‌ನಲ್ಲಿ ಅವರು ಯುಕ್ರೇನಿನ ನಿರಾಶ್ರಿತ ಮಕ್ಕಳಿಗಾಗಿ ಪದಕ ಹರಾಜು ಹಾಕಿದರು, 10.35 ಕೋಟಿ ಡಾಲರ್ ಬಂತು. 2023ರಲ್ಲಿ ರಷ್ಯಾ ಅವರಿಗೆ ‘ವಿದೇಶಿ ಏಜೆಂಟ್’ ಪಟ್ಟ ಕಟ್ಟಿತು. ಮೇಲೆ ಹೇಳಿದ ರಾಯಿಟರ್ಸ್ ತಂಡದ ಕಾಶ್ಮೀರದ ಸನಾ ಇರ್ಷಾದ್ ಮಟ್ಟೂ ಪುಲಿಟ್ಜರ್ ಸ್ವೀಕರಿಸಲು ನ್ಯೂಯಾರ್ಕ್‌ಗೆ ಹೊರಟಾಗ 2022ರ ಅಕ್ಟೋಬರ್‌ನಲ್ಲಿ ದೆಹಲಿ ವಿಮಾನ ನಿಲ್ದಾಣದಲ್ಲೇ ತಡೆಯಲಾಯಿತು. ವೀಸಾ, ಟಿಕೆಟ್ ಎರಡೂ ಇದ್ದವು.

ದುಡ್ಡು ಯಾರದು

ಆಸ್ಟ್ರೇಲಿಯಾದ ವಾಕ್ಲಿ ಪ್ರಶಸ್ತಿ ಆರಂಭವಾದದ್ದು 1956ರಲ್ಲಿ, ಆಂಪೋಲ್ ಪೆಟ್ರೋಲಿಯಂ ಕಂಪನಿಯ ಸ್ಥಾಪಕ ವಿಲಿಯಂ ವಾಕ್ಲಿ ಅವರ ಹಣದಿಂದ. 2023ರಲ್ಲಿ ಅಲ್ಲಿನ ವ್ಯಂಗ್ಯಚಿತ್ರಕಾರರು ಹವಾಮಾನ ಬದಲಾವಣೆಯ ಕಾರಣ ಕೊಟ್ಟು, ಅದೇ ಕಂಪನಿಯ ಪ್ರಾಯೋಜಕತ್ವ ವಿರೋಧಿಸಿ ಸ್ಪರ್ಧೆಯಿಂದ ಹೊರಗುಳಿದರು. ಹಣ ಕೊಟ್ಟವರು ತೀರ್ಪಿನಲ್ಲಿ ಕೈ ಆಡಿಸಬೇಕೆಂದೇನಿಲ್ಲ. ಆ ಉದ್ಯಮದ ಮೇಲೆ ತನಿಖೆ ಮಾಡಿದವರು ಅರ್ಜಿಯನ್ನೇ ಹಾಕದಿದ್ದರೂ ಫಲಿತಾಂಶ ವಾಲುತ್ತದೆ.

ಯಾವ ಪ್ರಶಸ್ತಿಯನ್ನಾದರೂ ತೂಗಿ ನೋಡಲು ಕೆಲವು ಪ್ರಶ್ನೆ ಸಾಕು. ಗೆದ್ದ ಕೆಲಸ ಓದಲು ಸಿಗುತ್ತದೆಯೇ, ಅಥವಾ ಬರೀ ಹೆಸರು, ಹಾರ, ಫೋಟೊವೇ? ತೀರ್ಪುಗಾರರ ಹೆಸರು ಪ್ರಕಟವಾಗಿದೆಯೇ? ತಮ್ಮ ಸಂಸ್ಥೆಯ ಅರ್ಜಿ ಬಂದಾಗ ಅವರು ಎದ್ದು ಹೊರಗೆ ಹೋಗುವ ನಿಯಮ ಇದೆಯೇ? ಯಾರಿಗೂ ಕೊಡದೆ ಬಿಡುವ ಅವಕಾಶ ಇದೆಯೇ, ಎಂದಾದರೂ ಹಾಗೆ ಬಿಟ್ಟದ್ದುಂಟೇ? ವರದಿಯಲ್ಲಿ ತಪ್ಪು ಸಿಕ್ಕರೆ ಏನು ಮಾಡುತ್ತಾರೆಂದು ನಿಯಮಾವಳಿಯಲ್ಲಿ ಬರೆದಿದೆಯೇ? ಅರ್ಜಿ ಶುಲ್ಕದ ಮೇಲೆ ಸಮಾರಂಭದ ಊಟದ ಟಿಕೆಟ್ಟು, ಫಲಕದ ಹೆಚ್ಚುವರಿ ಪ್ರತಿ, ಜಾಹೀರಾತು ಪುಟ ಎಂದು ಗೆದ್ದವರಿಂದಲೇ ಹಣ ಎತ್ತುವ ಕಡೆ, ವಿಭಾಗಗಳ ಸಂಖ್ಯೆ ವರ್ಷವರ್ಷ ಏರುತ್ತಿದ್ದರೆ, ಅದು ವ್ಯಾಪಾರ.

ಎರಡು ಕಡತ

ವರ್ಲ್ಡ್ ಪ್ರೆಸ್ ಫೋಟೊ ತನ್ನ ಅಮಾನತು ಅಂತಿಮ ಎಂದಿಲ್ಲ. ಹೊಸ ಪುರಾವೆ ಸಿಕ್ಕರೆ ಉಟ್ ಹೆಸರು ಮರಳಬಹುದು, ಬೇರೆ ಹೆಸರು ಬರಬಹುದು, ಜಾಗ ಖಾಲಿಯೇ ಉಳಿಯಬಹುದು. ಪುಲಿಟ್ಜರ್‌ನ 1973ರ ಪಟ್ಟಿಯಲ್ಲಿ ನಿಕ್ ಉಟ್ ಹೆಸರಿದೆ. ಎಪಿ ಅದೇ ಚಿತ್ರವನ್ನು ಈಗಲೂ ಅವರ ಹೆಸರಿನಲ್ಲೇ ಕೊಡುತ್ತದೆ. ಫೋಟೊದಲ್ಲಿರುವ ಫಾನ್ ತಿ ಕಿಮ್ ಫುಕ್ ಕೆನಡಾದಲ್ಲಿ ನೆಲೆಸಿದ್ದಾರೆ. ಆ ದಿನ ಗಾಯಗೊಂಡಿದ್ದ ತನ್ನನ್ನು ವ್ಯಾನಿನಲ್ಲಿ ಆಸ್ಪತ್ರೆಗೆ ಸಾಗಿಸಿದ್ದು ಉಟ್ ಎಂಬುದನ್ನು ಅವರು ಹೇಳುತ್ತಲೇ ಬಂದಿದ್ದಾರೆ. ಅಷ್ಟಕ್ಕೆ ಯಾವ ಕಡತದಲ್ಲೂ ತಕರಾರು ದಾಖಲಾಗಿಲ್ಲ.